ಮಳೆಗಾಲಕ್ಕೆ ಮೊದಲು ಮುಗಿಯಬೇಕು: ಸರ್ ಎಂ.ವಿ. ಮತ್ತು ಕನ್ನಂಬಾಡಿಯ ವೇಳಾಪಟ್ಟಿ

ಸೆಪ್ಟೆಂಬರ್ 15 ಬಂತಂದ್ರೆ ಸಾಕು, ನಮ್ಮ ಕ್ಲಾಸ್ ಗ್ರೂಪಿನಲ್ಲಿ ಮೈಸೂರು ಪೇಟ ತೊಟ್ಟ ಅದೇ ಫೋಟೋ. ಜೊತೆಗೆ ಎರಡು ಕಥೆ. ಒಂದು, ರೈಲಿನಲ್ಲಿ ಕೂತು ಸದ್ದು ಕೇಳಿಯೇ ಹಳಿ ಮುರಿದಿದೆ ಅಂತ ಹೇಳಿದ್ದು. ಇನ್ನೊಂದು, ಸರ್ಕಾರಿ ಮೇಣದಬತ್ತಿ ಆರಿಸಿ ಸ್ವಂತ ಮೇಣದಬತ್ತಿ ಹಚ್ಚಿಕೊಂಡಿದ್ದು. ಪ್ರೈಮರಿ ಶಾಲೆಯಿಂದ ಕೇಳಿದ್ದೇವೆ, ಪ್ರತಿ ವರ್ಷ ಫಾರ್ವರ್ಡ್ ಮಾಡಿದ್ದೇವೆ. ಇವತ್ತು ಅವೆರಡನ್ನೂ ಬದಿಗಿಡೋಣ. ಸರ್ ಎಂ. ವಿಶ್ವೇಶ್ವರಯ್ಯನವರ ಬದುಕನ್ನು ಬೇರೆ ಒಂದು ಕಡೆಯಿಂದ ನೋಡುವ ಮನಸ್ಸಾಗಿದೆ: ಕೆಲಸವನ್ನು ಹೇಳಿದ ದಿನಕ್ಕೆ ಮುಗಿಸುವುದು ಹೇಗೆ?

ಈ ಪ್ರಶ್ನೆ ನನಗೆ ಸುಮ್ಮನೆ ಬಂದದ್ದಲ್ಲ. ನಮ್ಮ ಫೈನಲ್ ಇಯರ್ ಪ್ರಾಜೆಕ್ಟ್ ಹೊಲದ ತೇವ ನೋಡಿ ತಾನಾಗಿ ನೀರು ಬಿಡುವ ಒಂದು ಸಣ್ಣ ಯಂತ್ರ. ಸಿನಾಪ್ಸಿಸ್‌ನಲ್ಲಿ ಬಣ್ಣ ಬಣ್ಣದ ಗ್ಯಾಂಟ್ ಚಾರ್ಟ್ ಹಾಕಿದ್ವಿ. ಗೈಡ್ ಮೇಡಂ ಭೇಷ್ ಅಂದರು. ಆಮೇಲೆ ಆ ಚಾರ್ಟನ್ನು ನಾಲ್ಕೂ ಜನ ಒಮ್ಮೆಯೂ ತೆಗೆದು ನೋಡಲಿಲ್ಲ. ಕೋಡ್ ಬರೆದಾಯ್ತು, ರಿಪೋರ್ಟ್‌ನ ಅರ್ಧ ಆಯ್ತು, ನೀರು ಬಿಡುವ ವಾಲ್ವ್ ಮಾತ್ರ ಆರ್ಡರ್ ಮಾಡಿರಲೇ ಇಲ್ಲ. ಅದು ಕೈಗೆ ಬಂದಾಗ ರಿವ್ಯೂಗೆ ಎರಡು ದಿನ ಬಾಕಿ. ಡೆಮೋದಲ್ಲಿ ಯಂತ್ರ ನೀರು ಬಿಡಲಿಲ್ಲ. ನಾವೇ ಬೆವರು ಬಿಟ್ವಿ. ಅವತ್ತಿನಿಂದ ತಲೆಯಲ್ಲಿ ಕೊರೆಯುತ್ತಿತ್ತು: ನಾಲ್ಕು ಜನ ಸೇರಿ ನಾಲ್ಕು ತಿಂಗಳ ಕೆಲಸ ಮುಗಿಸಲಾಗದೆ ಒದ್ದಾಡಿದ್ವಲ್ಲ, ಹತ್ತು ಸಾವಿರ ಜನರನ್ನು ಕಟ್ಟಿಕೊಂಡು, ಹರಿಯುವ ಕಾವೇರಿಗೆ ಅಡ್ಡ ಗೋಡೆ ಕಟ್ಟಿದವರು ಹೇಗೆ ಮಾಡಿದರು?

ಮುದ್ದೇನಹಳ್ಳಿಯಿಂದ ಪುಣೆಗೆ

ಹುಟ್ಟಿದ್ದು ಈಗಿನ ಚಿಕ್ಕಬಳ್ಳಾಪುರ ಜಿಲ್ಲೆಯ ಮುದ್ದೇನಹಳ್ಳಿಯಲ್ಲಿ. ತಂದೆ ಶ್ರೀನಿವಾಸ ಶಾಸ್ತ್ರಿ, ತಾಯಿ ವೆಂಕಟಲಕ್ಷ್ಮಮ್ಮ. ತಂದೆ ತೀರಿಕೊಂಡಾಗ ವಿಶ್ವೇಶ್ವರಯ್ಯ ಇನ್ನೂ ಹುಡುಗ. ಬೆಂಗಳೂರಿನಲ್ಲಿ ಸೋದರಮಾವನ ಆಸರೆ ಸಿಕ್ಕಿತು. ಬೇರೆಯವರ ಮಕ್ಕಳಿಗೆ ಪಾಠ ಹೇಳಿ ಖರ್ಚು ನೀಗಿಸಿಕೊಂಡು ಸೆಂಟ್ರಲ್ ಕಾಲೇಜಿನಲ್ಲಿ ಬಿ.ಎ. ಮುಗಿಸಿದರು. ಮೈಸೂರು ಸರ್ಕಾರದ ವಿದ್ಯಾರ್ಥಿವೇತನ ಸಿಕ್ಕಿದ್ದರಿಂದ ಪುಣೆಯ ಕಾಲೇಜ್ ಆಫ್ ಸೈನ್ಸ್‌ಗೆ ಹೋದರು. 1883ರಲ್ಲಿ ಎಂಜಿನಿಯರಿಂಗ್ ಪರೀಕ್ಷೆಯಲ್ಲಿ ಮೊದಲ ಸ್ಥಾನ. 1884ರಲ್ಲಿ ಮುಂಬಯಿ ಪ್ರಾಂತ್ಯದ ಲೋಕೋಪಯೋಗಿ ಇಲಾಖೆಯಲ್ಲಿ ಅಸಿಸ್ಟೆಂಟ್ ಎಂಜಿನಿಯರ್.

ಇಲ್ಲಿ ನಮ್ಮ ಬಾಗಲಕೋಟೆಯವರು ಒಂದು ಮಾತು ನೆನಪಿಡಬೇಕು. ಆಗ ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ ಎಲ್ಲವೂ ಇದೇ ಮುಂಬಯಿ ಪ್ರಾಂತ್ಯದ ವಿಜಾಪುರ ಜಿಲ್ಲೆಯಲ್ಲಿದ್ದವು. ಅಂದರೆ, ಮೈಸೂರಿನ ದಿವಾನರಾಗುವುದಕ್ಕಿಂತ ಎಷ್ಟೋ ಮೊದಲು ಅವರು ನಮ್ಮ ಪ್ರಾಂತ್ಯದ ನೌಕರರು. ಧಾರವಾಡ, ವಿಜಾಪುರದ ಕುಡಿಯುವ ನೀರಿನ ಯೋಜನೆಗಳ ಮೇಲೂ ಕೆಲಸ ಮಾಡಿದರು.

ಹೊಳೆ ಕಲಿಸಿದ ಮೊದಲ ಪಾಠ

ಕೆಲಸಕ್ಕೆ ಸೇರಿದ ಹೊಸದರಲ್ಲಿ ಖಾನದೇಶದ ಧುಳೆ ಹತ್ತಿರ ಪಾಂಜರಾ ನದಿಗೆ ಅಡ್ಡಲಾಗಿ ಪೈಪಿನ ಸೈಫನ್ ಹಾಕುವ ಕೆಲಸ ವಿಶ್ವೇಶ್ವರಯ್ಯನವರ ಪಾಲಿಗೆ ಬಂತು. ಮಳೆಗಾಲ ಶುರುವಾಗಿತ್ತು. ಅಗೆದ ಗುಂಡಿಗೆ ನದಿ ಮರಳು ತಂದು ತುಂಬುತ್ತಿತ್ತು. ಇವತ್ತು ಮಾಡಿದ್ದು ನಾಳೆ ಇರುತ್ತಿರಲಿಲ್ಲ. ಮಳೆ ಮುಗಿದ ಮೇಲೆ ಮುಂದುವರಿಸೋಣ ಅಂತ ಮೇಲಧಿಕಾರಿಗೆ ಬರೆದರು. ಮೇಲಧಿಕಾರಿಗೆ ಸಿಟ್ಟು ಬಂತು. ಹೊಸ ಹುಡುಗ ಕೆಲಸ ತಪ್ಪಿಸಿಕೊಳ್ಳಲು ನೆಪ ಹೇಳುತ್ತಿದ್ದಾನೆ ಎಂಬಂತೆ ಉತ್ತರ ಬಂತು. ವಿಶ್ವೇಶ್ವರಯ್ಯ ವಾದಕ್ಕೆ ನಿಲ್ಲಲಿಲ್ಲ. ಕೆಲಸ ಮುಂದುವರಿಸಿ, ಕಷ್ಟಪಟ್ಟು ಮುಗಿಸಿಯೇ ಕೊಟ್ಟರು.

ಇದನ್ನು ಓದಿದಾಗ ಮೊದಲು ನನಗೆ ಅನಿಸಿದ್ದು, ಅವರು ಹೇಳಿದ್ದೇ ಸರಿ ಇತ್ತಲ್ಲ ಅಂತ. ಹೊಳೆಯಲ್ಲಿ ಕೆಲಸ ಮಾಡುವವನಿಗೆ ವರ್ಷ ಅಂದ್ರೆ ಹನ್ನೆರಡು ತಿಂಗಳಲ್ಲ. ಹೊಳೆ ಬತ್ತಿದ ತಿಂಗಳುಗಳಷ್ಟೇ ಅವನ ವರ್ಷ. ಆದರೆ ಆ ಮಾತು ಹೇಳಬೇಕಾದದ್ದು ಕೆಲಸ ಶುರುವಾಗುವ ಮೊದಲು, ಗುಂಡಿ ಅಗೆದ ಮೇಲಲ್ಲ. ಇಪ್ಪತ್ತೈದು ವರ್ಷದ ನಂತರ ಕಾವೇರಿ ದಂಡೆಯಲ್ಲಿ ನಿಂತಾಗ ಈ ಲೆಕ್ಕ ಅವರಿಗೆ ಬಾಯಿಪಾಠ ಆಗಿತ್ತು.

ಸಿಂಧ್‌ನಿಂದ ಹೈದರಾಬಾದ್‌ವರೆಗೆ

ಮುಂದಿನ ವರ್ಷಗಳ ಪಟ್ಟಿ ದೊಡ್ಡದಿದೆ. ಬೇಗ ಹೇಳಿ ಮುಗಿಸುತ್ತೇನೆ.

1895ರ ಹೊತ್ತಿಗೆ ಸಿಂಧ್ ಪ್ರಾಂತ್ಯದ ಸಕ್ಕರ್ ಊರಿಗೆ ಕುಡಿಯುವ ನೀರು ಕೊಟ್ಟರು. ಸಿಂಧೂ ನದಿ ನೀರು ಕೆಸರು. ಫಿಲ್ಟರ್ ಕಟ್ಟಲು ಪುರಸಭೆಯ ಹತ್ತಿರ ದುಡ್ಡಿಲ್ಲ. ನದಿಯ ತಳದಲ್ಲೇ ಬಾವಿ ತೋಡಿಸಿ, ಮರಳಿನ ಮೂಲಕ ಸೋಸಿ ಬರುವ ನೀರನ್ನು ಹಿಡಿದರು. ಪುಣೆಗೆ ಬಂದಮೇಲೆ ನೀರಾ ಕಾಲುವೆಯಲ್ಲಿ ಬ್ಲಾಕ್ ಪದ್ಧತಿ ತಂದರು. ರೈತರ ಹೊಲಗಳನ್ನು ಬ್ಲಾಕ್‌ಗಳಾಗಿ ವಿಂಗಡಿಸಿ, ಯಾವ ಬೆಳೆಗೆ ಯಾವಾಗ ನೀರು ಅಂತ ಸರದಿ ಹಚ್ಚುವುದು. ಅದೂ ಒಂದು ವೇಳಾಪಟ್ಟಿಯೇ. ಖಡಕ್‌ವಾಸ್ಲಾದಲ್ಲಿ ಅಣೆಕಟ್ಟೆಯನ್ನೇ ಎತ್ತರಿಸದೆ, ತಾನಾಗಿ ತೆರೆದು ಮುಚ್ಚುವ ಗೇಟುಗಳನ್ನು ಕೂರಿಸಿ, ಸುಮಾರು 8 ಅಡಿ ಹೆಚ್ಚು ನೀರು ನಿಲ್ಲುವ ಹಾಗೆ ಮಾಡಿದರು. ಗೇಟಿನ ವಿನ್ಯಾಸಕ್ಕೆ ಪೇಟೆಂಟ್ ಇತ್ತು, ಆದರೆ ಅದರಿಂದ ರಾಯಲ್ಟಿ ಪಡೆಯಲಿಲ್ಲ.

ಮುಂಬಯಿ ಸೇವೆಯಿಂದ ಬೇಗನೆ ನಿವೃತ್ತಿ ಪಡೆದರು. 1908ರ ಸೆಪ್ಟೆಂಬರ್‌ನಲ್ಲಿ ಮೂಸಿ ನದಿ ಉಕ್ಕಿ ಹೈದರಾಬಾದ್ ನಗರ ಮುಳುಗಿತು. ನಿಜಾಮರ ಸರ್ಕಾರ ವಿಶ್ವೇಶ್ವರಯ್ಯನವರನ್ನು ಕರೆಯಿತು. ಮಳೆ ಲೆಕ್ಕ, ಒಡೆದ ಕೆರೆಗಳ ಲೆಕ್ಕ ಎಲ್ಲ ತೆಗೆದು, ಊರಿನ ಮೇಲ್ಭಾಗದಲ್ಲಿ ನೀರು ತಡೆಯುವ ಜಲಾಶಯ ಬೇಕು ಅಂತ ಸಲಹೆ ಕೊಟ್ಟರು. ಉಸ್ಮಾನ್ ಸಾಗರ, ಹಿಮಾಯತ್ ಸಾಗರ ಅದರ ಫಲ.

1909ರ ನವೆಂಬರ್‌ನಲ್ಲಿ ಮೈಸೂರಿನ ಚೀಫ್ ಎಂಜಿನಿಯರ್. ಕರೆ ಬಂದ ಕೂಡಲೇ ಹೂಂ ಅಂದವರಲ್ಲ. ಬರೀ ಕುರ್ಚಿ ತುಂಬುವ ಕೆಲಸವಾದರೆ ಬೇಡ, ಕೈಗಾರಿಕೆ ಮತ್ತು ತಾಂತ್ರಿಕ ಶಿಕ್ಷಣದಲ್ಲಿ ಸರ್ಕಾರಕ್ಕೆ ನಿಜವಾಗಿ ಆಸಕ್ತಿ ಇದೆಯಾ ಅಂತ ವಿಚಾರಿಸಿಕೊಂಡೇ ಬಂದರು.

ಕನ್ನಂಬಾಡಿ: ಬೇಕಾಗಿದ್ದೇನು?

ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ಪಾಠದಲ್ಲಿ ಮೊದಲ ಪ್ರಶ್ನೆ, ಇದು ಯಾರಿಗೆ, ಯಾಕೆ, ಯಾವಾಗ ಬೇಕು? ಕನ್ನಂಬಾಡಿಗೆ ಈ ಮೂರಕ್ಕೂ ಸ್ಪಷ್ಟ ಉತ್ತರ ಇತ್ತು.

1902ರಿಂದ ಶಿವನಸಮುದ್ರದ ವಿದ್ಯುತ್ತು ಸುಮಾರು 150 ಕಿ.ಮೀ. ತಂತಿಯ ಮೇಲೆ ಕೋಲಾರದ ಚಿನ್ನದ ಗಣಿಗೆ ಹೋಗುತ್ತಿತ್ತು. ತೊಂದರೆ ಏನಂದ್ರೆ, ಬೇಸಿಗೆಯಲ್ಲಿ ಕಾವೇರಿ ಸೊರಗುತ್ತಿತ್ತು. ನೀರಿಲ್ಲದಿದ್ದರೆ ವಿದ್ಯುತ್ತಿಲ್ಲ. ಗಣಿಯವರಿಗೆ ಇನ್ನಷ್ಟು ವಿದ್ಯುತ್ತು ಬೇಕು, ಅದಕ್ಕೆ ದುಡ್ಡು ಕೊಡಲು ಸಿದ್ಧ. ಇತ್ತ ಮಂಡ್ಯದ ಕಡೆ ಮಳೆ ನೆಚ್ಚಿದ ಒಣಭೂಮಿ. ಮೇಲ್ಗಡೆ ಒಂದು ದೊಡ್ಡ ಜಲಾಶಯ ಕಟ್ಟಿದರೆ ಗಣಿಗೆ ವರ್ಷವಿಡೀ ವಿದ್ಯುತ್ತು, ಹೊಲಕ್ಕೆ ನೀರು.

ಪೂರ್ತಿ ಯೋಜನೆಯ ಅಂದಾಜು ಎರಡೂವರೆ ಕೋಟಿ ರೂಪಾಯಿ ದಾಟುತ್ತಿತ್ತು. ಅಂದಿನ ಮೈಸೂರಿಗೆ ಅದು ಎದೆ ನಡುಗಿಸುವ ಮೊತ್ತ. ಹಣಕಾಸು ನೋಡಿಕೊಳ್ಳುವವರು ಒಪ್ಪಲಿಲ್ಲ. ಫೈಲು ನಿಂತಿತು. ವಿಶ್ವೇಶ್ವರಯ್ಯನವರಿಗೆ ಬೇಸರವಾಗಿ, ಇಲ್ಲಿ ಇದ್ದು ಏನು ಪ್ರಯೋಜನ ಎನ್ನುವ ಮಟ್ಟಕ್ಕೆ ಬಂದಿದ್ದರು. ಕೊನೆಗೆ ನಾಲ್ವಡಿ ಕೃಷ್ಣರಾಜ ಒಡೆಯರು ನಡುವೆ ಬಂದರು. 1911ರ ಅಕ್ಟೋಬರ್‌ನಲ್ಲಿ ಮೊದಲ ಹಂತಕ್ಕೆ 81 ಲಕ್ಷ ರೂಪಾಯಿ ಮಂಜೂರಾಯಿತು. ನವೆಂಬರ್‌ನಲ್ಲಿ ಕೆಲಸ ಶುರು.

ಇನ್ನೊಂದು ಬಾಗಿಲು ಬಾಕಿ ಇತ್ತು, ಮದ್ರಾಸ್ ಸರ್ಕಾರ. ಕೆಳಗೆ ತಂಜಾವೂರಿನ ಗದ್ದೆಗಳಿಗೆ ನೀರು ಕಡಿಮೆಯಾಗುತ್ತದೆ ಎಂಬುದು ಅವರ ತಕರಾರು. ಮೈಸೂರು ಕೇಳಿದ್ದು ಸುಮಾರು 41 ಟಿಎಂಸಿ, ಅವರು ಒಪ್ಪಿದ್ದು 11 ಟಿಎಂಸಿಯ ಸಣ್ಣ ಜಲಾಶಯಕ್ಕೆ. ಈಗ ಏನು ಮಾಡುವುದು? ಒಪ್ಪಿಗೆ ಬರುವ ತನಕ ಕಾಯುತ್ತಾ ಕೂತರೆ ಗಣಿಯವರಿಗೆ ಕೊಟ್ಟ ಮಾತು ತಪ್ಪುತ್ತದೆ. ಸಣ್ಣ ಅಣೆಕಟ್ಟೆಯ ಅಳತೆಗೆ ಬುನಾದಿ ಹಾಕಿದರೆ ಮುಂದೆ ಎತ್ತರಿಸಲು ಆಗುವುದಿಲ್ಲ. ಆಯ್ಕೆ ಮಾಡಿದ ದಾರಿ ಹೀಗಿತ್ತು: ಬುನಾದಿಯನ್ನು ಪೂರ್ತಿ ಎತ್ತರದ ಅಣೆಕಟ್ಟೆಗೆ ಬೇಕಾದಷ್ಟು ಅಗಲ ಹಾಕುವುದು, ಗೋಡೆಯನ್ನು ಸದ್ಯಕ್ಕೆ ಮೊದಲ ಹಂತದವರೆಗೆ ಏರಿಸುವುದು. ಜಗಳ ನಡೆಯಲಿ, ಕೆಲಸವೂ ನಡೆಯಲಿ. 1914ರಲ್ಲಿ ಗ್ರಿಫಿನ್ ಪಂಚಾಯ್ತಿಯ ತೀರ್ಪು, ಅದರ ಮೇಲೆ ಮತ್ತೆ ತಕರಾರು, ಕೊನೆಗೆ 1924ರಲ್ಲಿ ಒಪ್ಪಂದ. ಹದಿಮೂರು ವರ್ಷ! ಆ ಒಪ್ಪಂದಕ್ಕೆ ಕಾದು ಕೂತಿದ್ದರೆ 1924ರಲ್ಲಿ ಮೊದಲ ಕಲ್ಲು ಇಡಬೇಕಾಗುತ್ತಿತ್ತು.

ಇದರಲ್ಲಿ ಅಪಾಯವೂ ಇತ್ತು ಅನ್ನೋದನ್ನು ಮರೆಯಬಾರದು. ದೊಡ್ಡ ಅಣೆಕಟ್ಟೆಗೆ ಒಪ್ಪಿಗೆ ಸಿಗದೇ ಹೋಗಿದ್ದರೆ ಅಗಲ ಬುನಾದಿಗೆ ಹಾಕಿದ ದುಡ್ಡೆಲ್ಲ ನೀರಲ್ಲಿ ಹೋಮ. ಆ ಜವಾಬ್ದಾರಿಯನ್ನು ತಲೆ ಮೇಲೆ ಹೊತ್ತುಕೊಂಡೇ ಮುಂದೆ ಹೋದರು.

ನಾಲ್ಕು ಬೇಸಿಗೆಯ ಲೆಕ್ಕ

ಗಣಿಗೆ ಹೆಚ್ಚುವರಿ ವಿದ್ಯುತ್ತು ಕೊಡಬೇಕಾದದ್ದು 1915ರ ನಡುವಿನಿಂದ. 1911ರ ನವೆಂಬರ್‌ನಿಂದ ಎಣಿಸಿದರೆ ಮೂರೂವರೆ ವರ್ಷಕ್ಕೂ ಹೆಚ್ಚು. ಸಾಕಷ್ಟು ಸಮಯ ಇದೆ ಅನಿಸುತ್ತದೆ, ಅಲ್ಲವೇ? ನಮ್ಮ ಗುಂಪಾಗಿದ್ದರೆ ಮೊದಲ ಎರಡು ವರ್ಷ ಆರಾಮಾಗಿ ಇರುತ್ತಿದ್ದೆವು.

ಈಗ ಧುಳೆಯ ಪಾಠ ತೆಗೆಯೋಣ. ಕಾವೇರಿಗೆ ಜೂನ್‌ನಿಂದ ಪ್ರವಾಹ. ನದಿ ಪಾತ್ರದಲ್ಲಿ ಇಳಿದು ಬುನಾದಿ ಅಗೆಯುವುದು, ಕಲ್ಲು ಕಟ್ಟುವುದು ಮಳೆ ಇಳಿದ ಮೇಲಿನಿಂದ ಮುಂದಿನ ಮಳೆಯವರೆಗೆ ಮಾತ್ರ. ನಾನೇ ಕ್ಯಾಲೆಂಡರ್ ಇಟ್ಟುಕೊಂಡು ಎಣಿಸಿದೆ: 1911-12, 1912-13, 1913-14, 1914-15. ನಾಲ್ಕೇ ನಾಲ್ಕು ಹಂಗಾಮು. ಅದರಲ್ಲಿ ಮೊದಲನೆಯದು ಸಾಮಾನು, ಜನ, ದಾರಿ ಹೊಂದಿಸುವುದರಲ್ಲೇ ಬಹುಪಾಲು ಹೋಗುವಂಥದ್ದು. ಒಂದು ಹಂಗಾಮು ಕೈತಪ್ಪಿದರೆ ಒಂದು ತಿಂಗಳು ತಡವಾಗುವುದಿಲ್ಲ, ಇಡೀ ವರ್ಷ ತಡ. ನಮ್ಮ ಕಡೆ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಜೋಳ ಬಿತ್ತುವ ಹದ ತಪ್ಪಿದರೆ ಮರುದಿನ ಬಿತ್ತಿದರಾಯ್ತು ಅನ್ನಲು ಬರುವುದಿಲ್ಲ.

ಇನ್ನೊಂದು ವಿಷಯ, ಕೆಲಸಗಳು ಒಂದರ ಮೇಲೊಂದು ಕೂತಿರುವುದು. ನನ್ನ ರೂಮ್‌ಮೇಟ್ ಇಳಕಲ್ಲಿನವನು, ಮನೆಯಲ್ಲಿ ಮಗ್ಗ ಇದೆ. ಇಳಕಲ್ ಸೀರೆಗೆ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಎಳೆ ಎಳೆಗೆ ಕೊಂಡಿ ಹಾಕಿ ಜೋಡಿಸಬೇಕು. ಒಡಲಿನ ಹಾಸು ಎಷ್ಟೇ ಬೇಗ ಸಿದ್ಧವಾದರೂ ಸೆರಗಿನದು ಬರದಿದ್ದರೆ ಕೊಂಡಿ ಹಾಕಲು ಆಗುವುದಿಲ್ಲ. ಬಾದಾಮಿ ಗುಹೆಗಳೂ ಹಾಗೇ. ಮೂರನೇ ಗುಹೆಯಲ್ಲಿ ಮಂಗಲೇಶನ ಶಾಸನ ಇದೆ, ಕ್ರಿ.ಶ. 578ರದ್ದು. ಬಂಡೆ ಕೊರೆಯುವವರು ಮೇಲಿನಿಂದ ಕೆಳಗೆ ಇಳಿಯುತ್ತಾ ಬರಬೇಕು. ಚಾವಣಿ ಮುಗಿಸದೆ ನೆಲಕ್ಕೆ ಇಳಿದರೆ ಮತ್ತೆ ಮೇಲೆ ತಲುಪುವುದು ಕಷ್ಟ. ಯಾವುದು ಮೊದಲು, ಯಾವುದು ಆಮೇಲೆ ಎಂಬ ಈ ಸರಪಣಿಯನ್ನೇ ನಾವು ಪರೀಕ್ಷೆಯಲ್ಲಿ ಕ್ರಿಟಿಕಲ್ ಪಾತ್ ಅಂತ ಬರೆಯುತ್ತೇವೆ.

ಕನ್ನಂಬಾಡಿಯಲ್ಲಿ ಈ ಸರಪಣಿ ಹೇಗಿತ್ತು ನೋಡಿ. ಗೋಡೆ ಏರಬೇಕಾದರೆ ಗಾರೆ ಬೇಕು. ಸಿಮೆಂಟು ಹೊರಗಿನಿಂದ ಬರಬೇಕು, ಬೆಲೆ ವಿಪರೀತ. ಅದಕ್ಕೆ ಸುಣ್ಣ ಮತ್ತು ಸುರ್ಕಿ, ಅಂದರೆ ಸುಟ್ಟ ಇಟ್ಟಿಗೆಯ ಪುಡಿಯ ಗಾರೆ. ಸುರ್ಕಿ ಬೇಕಾದರೆ ಮೊದಲು ಇಟ್ಟಿಗೆ ಸುಡಬೇಕು, ಅದಕ್ಕೆ ಸೌದೆ ಬೇಕು, ಅರೆಯಲು ಯಂತ್ರ ಬೇಕು. ಕಲ್ಲು ಬೇಕಾದರೆ ಗಣಿ ತೆರೆಯಬೇಕು, ಸಾಗಿಸಬೇಕು. ಹತ್ತು ಸಾವಿರದಷ್ಟು ಜನ ಕೂಲಿಗಳು ಬಂದರೆ ಅವರಿಗೆ ಗುಡಿಸಲು, ರೇಷನ್, ಔಷಧ. ಹೊಳೆ ಬತ್ತುವ ದಿನಕ್ಕೆ ಇವೆಲ್ಲ ದಂಡೆಯ ಮೇಲೆ ಸಿದ್ಧ ಇರಬೇಕು. ಹೊಳೆ ಬತ್ತಿದ ಮೇಲೆ ಇಟ್ಟಿಗೆ ಸುಡಲು ಶುರು ಮಾಡಿದರೆ ನಮ್ಮ ವಾಲ್ವ್ ಕಥೆಯೇ.

ಒಂದು ಮಾತು ಗಮನಿಸಿ. ನಾವು ಬಳಸುವ ಗ್ಯಾಂಟ್ ಚಾರ್ಟನ್ನು ಅಮೆರಿಕದ ಹೆನ್ರಿ ಗ್ಯಾಂಟ್ ರೂಪಿಸಿದ್ದು ಸರಿಸುಮಾರು ಇದೇ 1910ರ ದಶಕದಲ್ಲಿ. ಸಿಪಿಎಂ ಮತ್ತು ಪರ್ಟ್ ಬಂದದ್ದು 1950ರ ದಶಕದ ಕೊನೆಗೆ, ಒಂದು ಡ್ಯುಪಾಂಟ್ ಕಂಪನಿಯಲ್ಲಿ, ಇನ್ನೊಂದು ಅಮೆರಿಕದ ನೌಕಾಪಡೆಯ ಪೊಲಾರಿಸ್ ಕ್ಷಿಪಣಿ ಯೋಜನೆಯಲ್ಲಿ. ಕನ್ನಂಬಾಡಿಯವರ ಕೈಯಲ್ಲಿ ಸಾಫ್ಟ್‌ವೇರ್ ಇರಲಿಲ್ಲ. ಕಾಗದ, ಪೆನ್ಸಿಲ್, ಹೊಳೆಯ ಲೆಕ್ಕ ಇಷ್ಟೇ.

1915ರ ಮಳೆಗಾಲ

1912ರ ನವೆಂಬರ್‌ನಲ್ಲಿ ವಿಶ್ವೇಶ್ವರಯ್ಯನವರು ದಿವಾನರಾದರು. ಅಣೆಕಟ್ಟೆಯ ದಿನದಿನದ ಕೆಲಸ ಬೇರೆ ಎಂಜಿನಿಯರುಗಳ ಕೈಗೆ ಹೋಯಿತು. ಕನ್ನಂಬಾಡಿ ಅಂದರೆ ಒಬ್ಬರ ಹೆಸರಷ್ಟೇ ನಮಗೆ ಗೊತ್ತು. ಆದರೆ ಇಪ್ಪತ್ತು ವರ್ಷ ಅದನ್ನು ಕಟ್ಟಿದವರಲ್ಲಿ ಸಿ. ಕಡಾಂಬಿ, ಕರ್ಪೂರ ಶ್ರೀನಿವಾಸರಾವ್ ಮುಂತಾದ ಹಲವರಿದ್ದಾರೆ. ಯೋಜನೆ ಹಾಕಿದ ವ್ಯಕ್ತಿ ಸ್ಥಳದಲ್ಲಿ ಇಲ್ಲದಿದ್ದರೂ ಕೆಲಸ ನಿಲ್ಲದ ಹಾಗೆ ಬರೆದಿಟ್ಟ ಯೋಜನೆ ಅದಾಗಿತ್ತು. ನಮ್ಮಲ್ಲಿ ಕೋಡ್ ಬರೆದವನು ಊರಿಗೆ ಹೋದರೆ ಪ್ರಾಜೆಕ್ಟೇ ನಿಲ್ಲುತ್ತದೆ.

ಕೊನೆಯ ಹಂಗಾಮು ಬಂದಾಗ ಹಗಲೊಂದೇ ಸಾಲಲಿಲ್ಲ. ರಾತ್ರಿ ದೊಡ್ಡ ದೀಪ ಹಚ್ಚಿ ಕೆಲಸ ನಡೆಸಿದರು. ಮಲೇರಿಯಾ ಸುತ್ತಲೂ ಹಬ್ಬಿತ್ತು. ಜನ ಮಲಗುತ್ತಿದ್ದರು, ಬೇರೆಯವರು ಬರುತ್ತಿದ್ದರು. ಈ ಹೊತ್ತಿನಲ್ಲಿ ಮಳೆ. ಗೋಡೆಯ ಮೊದಲ ಹಂತ ಮುಗಿಯಬೇಕಾದ ಸಮಯಕ್ಕೇ ಕಾವೇರಿ ಏರಿತು. ಕೆಲವು ದಿನ ಯಾವುದು ಮೊದಲು ಏರುತ್ತದೆ, ಗೋಡೆಯೋ ಹೊಳೆಯೋ ಎಂಬ ಪರಿಸ್ಥಿತಿ. ನೀರು ಗೋಡೆಯನ್ನು ಮೀರಿದರೆ ಹೋಗುವುದು ಕಲ್ಲು ಸುಣ್ಣ ಅಷ್ಟೇ ಅಲ್ಲ. ಮೈಸೂರಿನವರಿಗೆ ಇಂಥ ದೊಡ್ಡ ಕೆಲಸ ಎಲ್ಲಿ ಆಗಬೇಕು ಅಂದವರ ಮಾತು ನಿಜವಾಗುತ್ತಿತ್ತು, ಮದ್ರಾಸಿನ ತಕರಾರಿಗೆ ಬಲ ಬರುತ್ತಿತ್ತು, ಗಣಿಯ ಆದಾಯ ಕೈತಪ್ಪುತ್ತಿತ್ತು, ಎರಡನೇ ಹಂತಕ್ಕೆ ಯಾರೂ ದುಡ್ಡು ಕೊಡುತ್ತಿರಲಿಲ್ಲ.

ಗೋಡೆ ನಿಂತಿತು. ನೀರು ನಿಂತಿತು. ಗಣಿಗೆ ಹೇಳಿದ ವಿದ್ಯುತ್ತು ಹೋಯಿತು.

ಇಲ್ಲಿ ನನಗೆ ಮುಖ್ಯ ಅನಿಸಿದ್ದು ಹಂತದ ಜಾಣತನ. ಪೂರ್ತಿ ಅಣೆಕಟ್ಟೆ ಮುಗಿದದ್ದು 1930ರ ದಶಕದ ಆರಂಭದಲ್ಲಿ. 8,600 ಅಡಿ ಉದ್ದ, 130 ಅಡಿ ಎತ್ತರ, ಸುಮಾರು 49 ಟಿಎಂಸಿ. ಶುರು ಮಾಡಿ ಇಪ್ಪತ್ತು ವರ್ಷ. ಆದರೆ ದುಡಿಯಲು ಶುರು ಮಾಡಿದ್ದು ನಾಲ್ಕನೇ ವರ್ಷಕ್ಕೆ. ಮೊದಲ ಹಂತವೇ ಆದಾಯ ತಂದಿದ್ದರಿಂದ ಮುಂದಿನ ಹಂತ ಕೇಳಲು ಬಾಯಿ ಬಂತು. ಎಲ್ಲ ಮುಗಿದ ಮೇಲೇ ಸ್ವಿಚ್ ಒತ್ತುತ್ತೇವೆ ಎನ್ನುವ ನಮ್ಮಂಥವರಿಗೆ ಇದು ಪಾಠ. ವಾಲ್ವ್ ಇಲ್ಲದಿದ್ದರೂ ತೇವ ಅಳೆದು ಎಲ್‌ಇಡಿ ಹತ್ತಿಸುವ ಅರ್ಧ ಯಂತ್ರವನ್ನಾದರೂ ನಾವು ಎರಡನೇ ತಿಂಗಳಲ್ಲಿ ತೋರಿಸಬಹುದಿತ್ತು.

ಪಟ್ಟಿಯಲ್ಲಿ ಹೆಸರಿಲ್ಲದವರು

ಹೊಗಳಿಕೆ ಇಲ್ಲಿಗೆ ನಿಲ್ಲಿಸಿ ಇನ್ನೊಂದು ಮಾತು ಹೇಳದಿದ್ದರೆ ತಪ್ಪಾಗುತ್ತದೆ. ಮಲೇರಿಯಾ ಹಿಡಿದ ಕೂಲಿಗಳ ಹೆಸರು ನಮ್ಮಲ್ಲಿ ಯಾರಿಗೂ ಗೊತ್ತಿಲ್ಲ. ಹಳೆಯ ಕನ್ನಂಬಾಡಿ ಊರು, ಅದರ ಜೊತೆ ಸುತ್ತಲಿನ ಹಳ್ಳಿಗಳು ನೀರಿನಡಿ ಹೋದವು. ಸಾವಿರಾರು ಜನ ಮನೆ ಬಿಟ್ಟು ಎದ್ದರು. ಮಂಡ್ಯ ಹಸಿರಾಗಿದ್ದು ನಿಜ, ಆ ಹಸಿರಿಗೆ ಬೆಲೆ ಕೊಟ್ಟವರು ಬೇರೆ ಎಂಬುದೂ ನಿಜ. ವೇಳಾಪಟ್ಟಿಯಲ್ಲಿ ದಿನ ಉಳಿಸಿದಾಗ ಆ ದಿನವನ್ನು ಯಾರ ಮೈಯಿಂದ ಉಳಿಸಿದ್ದು ಎಂಬ ಕಾಲಂ ನಮ್ಮ ಪಠ್ಯದಲ್ಲಿಲ್ಲ.

ದಿವಾನರಾಗಿ, ಆಮೇಲೆ

ದಿವಾನರಾಗಿದ್ದ ಆರು ವರ್ಷದಲ್ಲಿ ಏನೇನು ಶುರುವಾಯಿತು ಅಂತ ನೋಡಿದರೆ ತಲೆ ತಿರುಗುತ್ತದೆ. 1913ರಲ್ಲಿ ಮೈಸೂರು ಬ್ಯಾಂಕ್, 1915ರಲ್ಲಿ ಕನ್ನಡ ಸಾಹಿತ್ಯ ಪರಿಷತ್ತು, 1916ರಲ್ಲಿ ಮೈಸೂರು ವಿಶ್ವವಿದ್ಯಾಲಯ, 1917ರಲ್ಲಿ ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜು. ದಿವಾನಗಿರಿ ಒಪ್ಪುವ ಮೊದಲು ನೆಂಟರನ್ನೆಲ್ಲ ಕರೆದು, ಯಾರೂ ನನ್ನ ಹತ್ತಿರ ವಶೀಲಿಗೆ ಬರಬಾರದು ಅಂತ ಮಾತು ತೆಗೆದುಕೊಂಡರು. 

1918ರಲ್ಲಿ ರಾಜೀನಾಮೆ. ಸರ್ಕಾರಿ ಕೆಲಸಗಳಲ್ಲಿ ಹಿಂದುಳಿದ ಸಮುದಾಯಗಳಿಗೆ ಪಾಲು ಕೊಡುವ ವಿಷಯದಲ್ಲಿ ಮಹಾರಾಜರ ಜೊತೆ ಭಿನ್ನಾಭಿಪ್ರಾಯ ಬಂತು. ಮಹಾರಾಜರು ನೇಮಿಸಿದ ಮಿಲ್ಲರ್ ಸಮಿತಿ ಮುಂದೆ ಮೀಸಲಾತಿಗೆ ದಾರಿ ಮಾಡಿತು. ಈ ವಿಷಯದಲ್ಲಿ ವಿಶ್ವೇಶ್ವರಯ್ಯನವರ ನಿಲುವನ್ನು ಇವತ್ತು ನಮ್ಮಲ್ಲಿ ಬಹಳ ಜನ ಒಪ್ಪಲಿಕ್ಕಿಲ್ಲ. ನಾನೂ ಒಪ್ಪುವುದಿಲ್ಲ. ದೊಡ್ಡವರ ಬದುಕು ಬರೆಯುವಾಗ ಇದನ್ನು ಬಿಟ್ಟು ಬರೆಯುವುದು ಸರಿಯಲ್ಲ ಅಂತ ಸೇರಿಸಿದ್ದೇನೆ.

1923ರಲ್ಲಿ ಭದ್ರಾವತಿ ಕಬ್ಬಿಣದ ಕಾರ್ಖಾನೆ ನಷ್ಟದಲ್ಲಿ ಮುಳುಗುತ್ತಿದ್ದಾಗ ಮತ್ತೆ ಕರೆ ಬಂತು. 1929ರವರೆಗೆ ಅದರ ಅಧ್ಯಕ್ಷರಾಗಿ ಅದನ್ನು ಎತ್ತಿ ನಿಲ್ಲಿಸಿದರು. 1934ರಲ್ಲಿ ಇಡೀ ದೇಶಕ್ಕೆ ಹತ್ತು ವರ್ಷದ ಆರ್ಥಿಕ ಯೋಜನೆಯ ಕುರಿತು ಪುಸ್ತಕವನ್ನೇ ಬರೆದರು. ದೇಶಕ್ಕೆ ಪಂಚವಾರ್ಷಿಕ ಯೋಜನೆ ಬರಲು ಇನ್ನೂ ಸುಮಾರು ಹದಿನೇಳು ವರ್ಷ ಬಾಕಿ ಇತ್ತು. ತೊಂಬತ್ತು ದಾಟಿದ ವಯಸ್ಸಿನಲ್ಲಿ ಬಿಹಾರದ ಮೊಕಾಮಾ ಸೇತುವೆಯ ಜಾಗದ ಬಗ್ಗೆ ಸಲಹೆ ಕೊಟ್ಟರು. 1955ರಲ್ಲಿ ಭಾರತರತ್ನ. 1962ರ ಏಪ್ರಿಲ್‌ನಲ್ಲಿ, ನೂರರ ಬದುಕು ಮುಗಿಸಿ, ಬೆಂಗಳೂರಿನಲ್ಲಿ ತೀರಿಕೊಂಡರು. ಸಮಾಧಿ ಮುದ್ದೇನಹಳ್ಳಿಯಲ್ಲಿದೆ.

ನಮ್ಮ ಆಲಮಟ್ಟಿ

ವಿಶ್ವೇಶ್ವರಯ್ಯನವರು ಹೋಗಿ ಎರಡು ವರ್ಷಕ್ಕೆ, 1964ರ ಮೇ ತಿಂಗಳಲ್ಲಿ, ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಆಲಮಟ್ಟಿಯಲ್ಲಿ ಅಡಿಗಲ್ಲು ಹಾಕಿದರು. ಪ್ರಧಾನಿಯಾಗಲು ಇನ್ನು ಕೆಲವೇ ದಿನ ಬಾಕಿ ಇತ್ತು. ಅಣೆಕಟ್ಟೆಯನ್ನು ರಾಷ್ಟ್ರಪತಿ ಅಬ್ದುಲ್ ಕಲಾಂ ಲೋಕಾರ್ಪಣೆ ಮಾಡಿದ್ದು 2006ರಲ್ಲಿ. ನಡುವೆ ನಲವತ್ತೆರಡು ವರ್ಷ! ಅಡಿಗಲ್ಲು ನೋಡಲು ಹೋದ ಹುಡುಗನಿಗೆ ಮೊಮ್ಮಕ್ಕಳಾಗುವಷ್ಟು ಕಾಲ.

ಇಲ್ಲಿನ ಎಂಜಿನಿಯರುಗಳಿಗೆ ಬುದ್ಧಿ ಇರಲಿಲ್ಲ ಅಂತಲ್ಲ. ದುಡ್ಡು ತುಣುಕು ತುಣುಕಾಗಿ ಬಂತು. ಕೃಷ್ಣೆಯ ನೀರು ಮೂರು ರಾಜ್ಯದ ಜಗಳ. ಬಚಾವತ್ ನ್ಯಾಯಮಂಡಳಿ, ಆಮೇಲೆ ಎತ್ತರದ ತಕರಾರು, 2000ನೇ ಇಸವಿಯಲ್ಲಿ ಸುಪ್ರೀಂ ಕೋರ್ಟ್ 519.6 ಮೀಟರಿಗೆ ಒಪ್ಪಿದ ತೀರ್ಪು. ಎಲ್ಲಕ್ಕಿಂತ ದೊಡ್ಡದು ಮುಳುಗಡೆ. ಹಳೇ ಬಾಗಲಕೋಟೆಯ ಓಣಿಗಳು ಹಿನ್ನೀರಿಗೆ ಹೋದವು, ನವನಗರ ಎದ್ದಿತು. ಅತ್ತ ಹುನಗುಂದ ತಾಲ್ಲೂಕಿನ ಕೂಡಲಸಂಗಮದಲ್ಲಿ ನಾರಾಯಣಪುರದ ಹಿನ್ನೀರು ಬಂದಾಗ ಐಕ್ಯಮಂಟಪದ ಸುತ್ತ ಬಾವಿಯಂತೆ ಗೋಡೆ ಕಟ್ಟಿ ಉಳಿಸಿಕೊಳ್ಳಬೇಕಾಯಿತು. ನಮ್ಮ ಕ್ಲಾಸಿನಲ್ಲೇ ಎಷ್ಟು ಜನರ ಅಜ್ಜನ ಮನೆ ನೀರೊಳಗಿದೆ, ಕೇಳಿ ನೋಡಿ. ಒಪ್ಪಿಗೆ, ದುಡ್ಡು, ಪುನರ್ವಸತಿ ಇವೂ ವೇಳಾಪಟ್ಟಿಯ ಕೆಲಸಗಳೇ. ಇವನ್ನು ಕೊನೆಯ ಸಾಲಿನಲ್ಲಿ ಬರೆದರೆ ಇವೇ ಎಲ್ಲಕ್ಕಿಂತ ಉದ್ದದ ದಾರಿಯಾಗಿ ಬಿಡುತ್ತವೆ.

ಕನ್ನಂಬಾಡಿಯಲ್ಲಿ ಮಹಾರಾಜರ ಒಂದು ಸಹಿ ಸಾಕಿತ್ತು, ಎದ್ದವರ ಮಾತು ಕೇಳುವವರು ಕಡಿಮೆ. ಪ್ರಜಾಪ್ರಭುತ್ವದಲ್ಲಿ ಹಾಗಾಗಬಾರದು. ಹಾಗಾಗಿ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವಲ್ಲ. ಆದರೂ ನಾಲ್ಕು ವರ್ಷಕ್ಕೆ ಮೊದಲ ಫಲ ಕೊಟ್ಟ ಕೆಲಸವನ್ನೂ ನಲವತ್ತು ವರ್ಷ ಹಿಡಿದ ಕೆಲಸವನ್ನೂ ಪಕ್ಕಪಕ್ಕ ಇಟ್ಟು ಓದುವ ಹಕ್ಕು, ಅಗತ್ಯ ಎರಡೂ ಬಾಗಲಕೋಟೆಯ ಎಂಜಿನಿಯರಿಂಗ್ ಹುಡುಗ ಹುಡುಗಿಯರಿಗೆ ಇದೆ.

ಜೂನಿಯರ್ಸ್‌ಗೆ ಒಂದು ಮಾತು

ಮುಂದಿನ ವರ್ಷ ಪ್ರಾಜೆಕ್ಟ್ ಶುರು ಮಾಡುವವರು ಇಷ್ಟು ಮಾಡ್ರಿ. ಮೊದಲು ನಿಮ್ಮ ಮಳೆಗಾಲ ಯಾವಾಗ ಅಂತ ಗುರುತು ಹಾಕ್ರಿ: ಇಂಟರ್ನಲ್ಸ್, ಪ್ಲೇಸ್‌ಮೆಂಟ್, ಹಬ್ಬ, ಮದುವೆ. ಆ ದಿನ ಕಳೆದು ಉಳಿದದ್ದೇ ನಿಮ್ಮ ಹಂಗಾಮು. ಆಮೇಲೆ ಹೊರಗಿನಿಂದ ಬರಬೇಕಾದ ಸಾಮಾನು ಮೊದಲ ವಾರವೇ ಆರ್ಡರ್ ಮಾಡ್ರಿ. ಅರ್ಧ ಕೆಲಸವಾದರೂ ತೋರಿಸಬಹುದಾದ ಒಂದು ಮೊದಲ ಹಂತ ಇಟ್ಟುಕೊಳ್ರಿ. ಗುಂಪಿನಲ್ಲಿ ಯಾರೊಬ್ಬರು ಇಲ್ಲದಿದ್ದರೂ ಕೆಲಸ ನಡೆಯುವ ಹಾಗೆ ಬರೆದಿಡ್ರಿ. ಯಾರೋ ಒಬ್ಬನೇ ರಾತ್ರಿಯಿಡೀ ಎದ್ದಿದ್ದು ಎಲ್ಲರ ಕೆಲಸ ಮುಗಿಸುತ್ತಿದ್ದರೆ ಅವನ ಹೆಸರನ್ನು ರಿಪೋರ್ಟಿನಲ್ಲಿ ಮೊದಲು ಹಾಕ್ರಿ.

ನಮ್ಮ ಯಂತ್ರದ ಸುದ್ದಿ ಕೇಳುತ್ತೀರಾ? ಎರಡನೇ ರಿವ್ಯೂನಲ್ಲಿ ನೀರು ಬಿಟ್ಟಿತು. ಸ್ವಲ್ಪ ಹೆಚ್ಚೇ ಬಿಟ್ಟಿತು, ಲ್ಯಾಬಿನ ನೆಲ ಒರೆಸಲು ಅರ್ಧ ಗಂಟೆ ಬೇಕಾಯಿತು. ಆ ಅರ್ಧ ಗಂಟೆ ನಮ್ಮ ಚಾರ್ಟಿನಲ್ಲಿ ಇರಲಿಲ್ಲ.